ಎರಡು ಕೀಲಿಕೈಗಳು ಒಂದೇ ಗೊಂಚಲಿನಲ್ಲಿರಬಹುದೆ?

ಬ್ಯಾಂಕಿನ ಲಾಕರನ್ನು ತೆರೆಯಲು ಎರಡು ಕೀಲಿಕೈಗಳು ಬೇಕೆಂಬುದನ್ನು ವಾಚಕರು ಬಲ್ಲರು. ಒಂದು ಬ್ಯಾಂಕಿನಲ್ಲಿರುತ್ತದೆ, ಇನ್ನೊಂದು ನಮ್ಮಲ್ಲಿ. ಎರಡೂ ಒಬ್ಬನ ಜೇಬಿನಲ್ಲಿಯೇ ಇದ್ದರೆ ಪ್ರಯೋಜನವೇನು? ಅಂತರ್ಜಾಲದ ಖಾತೆಗಳ ವಿಷಯದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ.

ಮೊದಲನೆಯ ಕೀಲಿಕೈ ಪಾಸ್‌ವರ್ಡ್. ಪ್ರತಿಯೊಂದು ಖಾತೆಗೂ ದೀರ್ಘವಾದ ಬೇರೆ ಬೇರೆ ಪಾಸ್‌ವರ್ಡುಗಳನ್ನು ನೆನಪಿಡುವುದು ಸುಲಭಸಾಧ್ಯವಲ್ಲ. ಆದುದರಿಂದ ಅವನ್ನೆಲ್ಲ ಗೂಢಲಿಪಿಯಲ್ಲಿ ಅಡಗಿಸಿ, ಒಂದೇ ಮುಖ್ಯ ಪಾಸ್‌ವರ್ಡಿನಿಂದ ತೆರೆಯುವ ‘ಪಾಸ್‌ವರ್ಡ್ ಮ್ಯಾನೇಜರ್’ ಎಂಬ ಪೆಟ್ಟಿಗೆ ಬಳಕೆಗೆ ಬಂದಿದೆ.

ಎರಡನೆಯದು ಆಥೆಂಟಿಕೇಟರ್ ಆಪ್ ತೋರಿಸುವ ಆರು ಅಂಕಿಗಳ ಸಂಖ್ಯೆ. ಇದರ ಮರ್ಮವೇನು? ಖಾತೆಯನ್ನು ಆಪಿಗೆ ಜೋಡಿಸುವಾಗ ಒಂದು ರಹಸ್ಯಾಂಕವು ನಮ್ಮ ಫೋನಿನಲ್ಲಿಯೂ ಸಂಸ್ಥೆಯ ಕಂಪ್ಯೂಟರಿನಲ್ಲಿಯೂ ನೆಲೆಗೊಳ್ಳುತ್ತದೆ. ಗಡಿಯಾರದ ಕಾಲವನ್ನು ಅದರೊಡನೆ ಬೆರೆಸಿ ಎರಡು ಕಡೆಯಲ್ಲಿಯೂ ಒಂದೇ ಲೆಕ್ಕವನ್ನು ಮಾಡಲಾಗುತ್ತದೆ. ಉತ್ತರಗಳು ಹೊಂದಿದರೆ ಬಾಗಿಲು ತೆರೆಯುತ್ತದೆ. 2011ರಲ್ಲಿ ಪ್ರಕಟವಾದ ಈ ಕ್ರಮದಲ್ಲಿ ಸಂಖ್ಯೆಯು ಸಾಮಾನ್ಯವಾಗಿ 30 ಸೆಕೆಂಡುಗಳಿಗೊಮ್ಮೆ ಬದಲಾಗುವುದು. ಮೆಟ್ರೋ ರೈಲು ಯಲಚೇನಹಳ್ಳಿಯನ್ನು ಬಿಡುವಾಗ ಕಂಡ ಸಂಖ್ಯೆಯು ಕೋಣನಕುಂಟೆ ಕ್ರಾಸ್ ತಲುಪುವಷ್ಟರಲ್ಲಿ ನಿರುಪಯುಕ್ತ. ಫೋನಿನ ಗಡಿಯಾರ ಸರಿಯಿದ್ದರೆ ಸಾಕು, ಸಿಗ್ನಲ್ ಕೂಡ ಬೇಕಿಲ್ಲ.

ಈ ರಹಸ್ಯಾಂಕವನ್ನೂ ಪಾಸ್‌ವರ್ಡಿನ ಪೆಟ್ಟಿಗೆಯಲ್ಲಿಯೇ ಇಡುವ ಸೌಕರ್ಯ ಇಂದು ಉಂಟು. ಇದು ಯುಕ್ತವೆ?

ಪಾಸ್‌ವರ್ಡ್ ಕಳ್ಳನಿಗೆ ಸಿಗುವ ಸಂಭವ ನೂರರಲ್ಲಿ ಒಂದು, ರಹಸ್ಯಾಂಕ ಸಿಗುವ ಸಂಭವವೂ ಅಷ್ಟೇ ಎಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಇವು ಸ್ವತಂತ್ರ ಘಟನೆಗಳಾದರೆ, ಎರಡೂ ಸಿಗುವ ಸಂಭವ ಹತ್ತು ಸಾವಿರದಲ್ಲಿ ಒಂದು ಮಾತ್ರ. ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದು ಪೆಟ್ಟಿಗೆಯೇ ಒಡೆದರೆ ಈ ಗುಣಾಕಾರಕ್ಕೆ ಎಡೆಯಿಲ್ಲ. ಇದು ಬರಿಯ ಊಹೆಯಲ್ಲ: 2022ರಲ್ಲಿ ಲಾಸ್ಟ್‌ಪಾಸ್ ಎಂಬ ಸಂಸ್ಥೆಯಿಂದ ಗ್ರಾಹಕರ ಪೆಟ್ಟಿಗೆಗಳ ಪ್ರತಿಗಳೇ ಕಳುವಾದವು. ಮುಖ್ಯ ಪಾಸ್‌ವರ್ಡ್ ದುರ್ಬಲವಾಗಿದ್ದವರ ಪೆಟ್ಟಿಗೆಗಳಿಗೆ ಅಪಾಯ ಹೆಚ್ಚು.

ಹಾಗೆಂದು ಒಂದೇ ಪೆಟ್ಟಿಗೆ ವ್ಯರ್ಥವೆಂದು ತಿಳಿಯಬಾರದು. ಪಾಸ್‌ವರ್ಡ್ ಮಾತ್ರ ಬೇರೆಡೆ ಸೋರಿಹೋದಾಗ, ಪೆಟ್ಟಿಗೆಯಲ್ಲಿರುವ ರಹಸ್ಯಾಂಕವೂ ಕಳ್ಳನನ್ನು ತಡೆಯಬಲ್ಲದು. ಸಾಮಾನ್ಯ ಖಾತೆಗಳಿಗೆ ಅಷ್ಟು ಸಾಕು. ಆದರೆ ಇ-ಮೇಲಿನ ಮಾತು ಬೇರೆ. ಪರೀಕ್ಷೆ, ವಿದ್ಯಾರ್ಥಿವೇತನ ಮೊದಲಾದ ಖಾತೆಗಳ ಪಾಸ್‌ವರ್ಡ್ ಬದಲಿಸುವ ಪತ್ರಗಳು ಬರುವುದು ಅಲ್ಲಿಗೇ. ಅದರ ರಹಸ್ಯಾಂಕವು ಪ್ರತ್ಯೇಕ ಆಪಿನಲ್ಲಿರುವುದೇ ಲೇಸು. ಪೆಟ್ಟಿಗೆಯ ಸ್ವಂತ ರಹಸ್ಯಾಂಕವಂತೂ ಹೊರಗೇ ಇರಬೇಕು. ಇಲ್ಲವಾದರೆ ಕೀಲಿಕೈಯನ್ನು ಒಳಗಿಟ್ಟು ಬೀಗ ಹಾಕಿದಂತಾದೀತು.

ಫೋನು ಕಳೆದರೆ ಗತಿಯೇನು? ಖಾತೆಯನ್ನು ಜೋಡಿಸುವಾಗ ಕೊಡುವ ತುರ್ತು ಸಂಖ್ಯೆಗಳನ್ನು ಕಾಗದದಲ್ಲಿ ಬರೆದು, ಅಂಕಪಟ್ಟಿಗಳ ಜೊತೆಯಲ್ಲಿ ಬೀರುವಿನಲ್ಲಿಡಬೇಕು. ಆರು ಅಂಕಿಗಳನ್ನು ಯಾರು ಕೇಳಿದರೂ ಹೇಳಕೂಡದು. ಕೀಲಿಕೈಯನ್ನು ನಾವೇ ಕೊಟ್ಟ ಮೇಲೆ ಯಾವ ಬೀಗವೂ ಕಾಯಲಾರದು.