ಧ್ಯಾನಕ್ಕೆ ಗುರುವೇಕೆ?

ಮುಂಜಾನೆ ಎದ್ದು, ಮನೆಯ ಒಂದು ಮೂಲೆಯಲ್ಲಿ ಮಣೆ ಹಾಕಿಕೊಂಡು ಕಣ್ಣು ಮುಚ್ಚಿ ಕೂರುವುದಕ್ಕೆ ಗುರುವೊಬ್ಬನು ಬೇಕೆ? ಉಸಿರು ನಮ್ಮದು, ಮನಸ್ಸೂ ನಮ್ಮದೇ. ನಡುವೆ ಮೂರನೆಯವರಿಗೆ ಏನು ಕೆಲಸ? ಹೀಗೆ ಕೇಳುವವರುಂಟು. ನಾನೂ ಕೇಳಿದವನೇ.

ಎರಡು ವರ್ಷ ಪುಸ್ತಕವನ್ನೇ ನೆಚ್ಚಿ ಅಭ್ಯಾಸ ನಡೆಸಿದೆ. ಕುಳಿತ ಸ್ವಲ್ಪ ಹೊತ್ತಿಗೆ ಹೊರಗಿನ ಸದ್ದೆಲ್ಲ ಅಡಗಿ, ಅರ್ಧ ಗಂಟೆ ಕಳೆದುದೇ ತಿಳಿಯುತ್ತಿರಲಿಲ್ಲ. ಇದೇ ಸಮಾಧಿಯ ಹೊಸ್ತಿಲೆಂದು ಒಳಗೊಳಗೇ ಹಿಗ್ಗಿದ್ದೆ. ನಮ್ಮ ಬೀದಿಯಲ್ಲಿ ಬಹುಕಾಲದಿಂದ ಸಾಧನೆ ನಡೆಸಿದ್ದ ವೃದ್ಧರೊಬ್ಬರು ಒಂದು ದಿನ ನನ್ನೊಡನೆ ಕುಳಿತರು. ಎದ್ದ ಮೇಲೆ, “ಮೇಷ್ಟ್ರೇ, ನಿಮ್ಮ ತಲೆ ನಾಲ್ಕು ಸಲ ಎದೆಗೆ ವಾಲಿತು. ಇದು ಧ್ಯಾನವಲ್ಲ, ಸೊಗಸಾದ ನಿದ್ದೆ” ಎಂದು ನಕ್ಕರು. ಬಳಿಕ ನನ್ನ ಹೆಂಡತಿಯ ಕಡೆ ತಿರುಗಿ, “ಧ್ಯಾನ ಶುರುವಾದ ಮೇಲೆ ಇವರ ಸಿಟ್ಟು ಇಳಿದಿದೆಯೇನಮ್ಮ?” ಎಂದರು. “ಎದ್ದ ಕೂಡಲೆ ಮಾತನಾಡಿಸಲು ಮಕ್ಕಳು ಹೆದರುತ್ತಾರೆ” ಎಂದಳು ಆಕೆ. ಎರಡು ವರ್ಷದ ಲೆಕ್ಕ ಎರಡು ಮಾತಿನಲ್ಲಿ ಮುಗಿಯಿತು.

ಕಣ್ಣು ಜಗತ್ತನ್ನೆಲ್ಲ ನೋಡೀತು, ತನ್ನನ್ನು ತಾನು ನೋಡದು. ಗುರುವಿನ ಅಗತ್ಯ ಇಲ್ಲಿದೆ. ಸದಾನಂದರ ‘ವೇದಾಂತಸಾರ’ವು ಸಮಾಧಿಗೆ ನಾಲ್ಕು ವಿಘ್ನಗಳನ್ನು ಎಣಿಸುತ್ತದೆ. ಮನಸ್ಸು ನಿದ್ದೆಗೆ ಜಾರುವುದು ಲಯ. ಬೇರೆ ವಿಷಯಗಳತ್ತ ಓಡುವುದು ವಿಕ್ಷೇಪ. ಹಳೆಯ ವಾಸನೆಗಳಿಂದ ಮರಗಟ್ಟಿ ಮುಂದೆ ಸಾಗದಿರುವುದು ಕಷಾಯ. ದೊರೆತ ಸುಖವನ್ನೇ ಸವಿಯುತ್ತ ನಿಂತುಬಿಡುವುದು ರಸಾಸ್ವಾದ. ಲಯಕ್ಕೆ ಮನಸ್ಸನ್ನು ಎಚ್ಚರಿಸಬೇಕು, ವಿಕ್ಷೇಪಕ್ಕೆ ಶಮನಗೊಳಿಸಬೇಕು. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ರೋಗ ಬಲಿಯುತ್ತದೆ. ತೂಕಡಿಸುವವನಿಗೆ ‘ಇನ್ನೂ ಸಡಿಲವಾಗಿ ಕುಳಿತುಕೊ’ ಎಂದರೆ ಗತಿಯೇನು? ಮದ್ದಿನ ಪಟ್ಟಿ ಪುಸ್ತಕದಲ್ಲಿರುತ್ತದೆ. ನಾಡಿ ಹಿಡಿದು ನೋಡಲು ಮಾತ್ರ ಮನುಷ್ಯನೇ ಬೇಕು.

12ನೆಯ ಶತಮಾನದ ಸಿದ್ಧರಾಮರು ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಗುಡಿಗಳನ್ನು ಕಟ್ಟಿಸಿ ಜನಮನ್ನಣೆ ಪಡೆದ ಯೋಗಿಗಳು. ‘ಶೂನ್ಯಸಂಪಾದನೆ’ಯ ಕಥನದಂತೆ, ಅಲ್ಲಮಪ್ರಭುಗಳು ಅಲ್ಲಿಗೇ ಹೋಗಿ ಅವರ ದೃಷ್ಟಿಯನ್ನು ಹೊರಗಿನಿಂದ ಒಳಗೆ ತಿರುಗಿಸಿದರು, ಕಲ್ಯಾಣಕ್ಕೆ ಕರೆತಂದರು. ಅಲ್ಲಿ ಅವರಿಗೆ ದೀಕ್ಷೆಯಿತ್ತವರು ಚೆನ್ನಬಸವಣ್ಣನವರು. ಎಚ್ಚರಿಸಿದವರೊಬ್ಬರು, ದೀಕ್ಷೆಯಿತ್ತವರು ಇನ್ನೊಬ್ಬರು. ಶಿಷ್ಯನನ್ನು ತನ್ನಲ್ಲೇ ಕಟ್ಟಿಹಾಕಿಕೊಳ್ಳದೆ, ತಕ್ಕವರ ಬಳಿಗೆ ಕಳಿಸುವುದೂ ಗುರುಲಕ್ಷಣವೇ ಸರಿ.

ಗೃಹಸ್ಥರಾದ ನಾವು ಮಾಡಬೇಕಾದದ್ದೇನು? ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕೂರಬೇಕು. ಎದ್ದ ಮೇಲೆ ಆದದ್ದನ್ನು ಎರಡು ಸಾಲು ಬರೆದಿಡಬೇಕು. ತಿಂಗಳಿಗೊಮ್ಮೆಯಾದರೂ ಗುರುವನ್ನು ಕಂಡು, ಒಳ್ಳೆಯದನ್ನು ಬಣ್ಣಿಸದೆ, ಕೆಟ್ಟದ್ದನ್ನು ಮುಚ್ಚದೆ ಹೇಳಬೇಕು. ಅವರು ಹೇಳಿದ ಒಂದೇ ತಿದ್ದುಪಡಿಯನ್ನು ಕೆಲವು ವಾರ ಪಾಲಿಸಿ, ಫಲವನ್ನು ಮತ್ತೆ ತಿಳಿಸಬೇಕು. ದಿನಕ್ಕೊಂದು ಪದ್ಧತಿ ಬದಲಿಸುವುದು, ಬೇರು ಹಿಡಿಯಿತೇ ಎಂದು ಸಸಿಯನ್ನು ಕಿತ್ತು ನೋಡಿದಂತೆ.

ಗುರುವನ್ನೂ ಪರೀಕ್ಷಿಸಬೇಕು. ಪ್ರಶ್ನೆ ಕೇಳಿದರೆ ಸಿಡುಕುವವರು, ಮನೆಯವರಿಗೆ ತಿಳಿಸಬೇಡಿ ಎನ್ನುವವರು, ಮೇಲಿಂದ ಮೇಲೆ ಹಣ ಕೇಳುವವರು, ವೈದ್ಯರು ಕೊಟ್ಟ ಔಷಧಿ ಬಿಡಿ ಎನ್ನುವವರು, ಇಂಥವರಿಗೆ ದೂರದಿಂದಲೇ ನಮಸ್ಕಾರ. ಕೆಲವರಿಗೆ ದೀರ್ಘಧ್ಯಾನದಿಂದ ಭಯ, ನಿದ್ರಾನಾಶಗಳು ತಲೆದೋರುವುದೂ ಉಂಟು. ಆಗ ಹಟ ಹಿಡಿಯದೆ ಅಭ್ಯಾಸ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮನೋವ್ಯಾಧಿಗೆ ಚಿಕಿತ್ಸೆಯಲ್ಲಿರುವವರು ಮೊದಲೇ ಅವರನ್ನು ಕೇಳುವುದು ಕ್ಷೇಮ.

ನನಗೆ ಆ ವೃದ್ಧರು ಹೇಳಿದ್ದು ಇಷ್ಟೇ: ಅರ್ಧ ಗಂಟೆ ಬೇಡ, 10 ನಿಮಿಷ ಸಾಕು, ಬೆನ್ನು ನೆಟ್ಟಗಿರಲಿ, ಕಣ್ಣು ಅರೆತೆರೆದಿರಲಿ, ಎದ್ದ ಮೇಲೆ ಮೊದಲ ಮಾತು ಮೆಲ್ಲಗಿರಲಿ. ಕೊನೆಯದೇ ಬಲು ಕಷ್ಟವಾಯಿತು. ಮೊನ್ನೆ ಮಣೆ ಎತ್ತಿಡುವಾಗ ಕಿರಿಯ ಮಗ ಲೆಕ್ಕದ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದ. “ಅಪ್ಪಾ, ಇದೊಂದು ಬರ್ತಾ ಇಲ್ಲ” ಎಂದ. ಅವನ ದನಿಯಲ್ಲಿ ಹೆದರಿಕೆ ಇರಲಿಲ್ಲ. ಗುರುಗಳಿಗೆ ಆ ತಿಂಗಳು ನಾನು ಒಪ್ಪಿಸಿದ ವರದಿ ಅದೊಂದೇ.