ಬೀಗವೂ ಬೆಸುಗೆಯೂ: ಆಟದ ಯಂತ್ರಗಳ ಒಳಗುಟ್ಟು

ಒಂದು ವಸ್ತುವಿನ ಬಲವನ್ನು ತಿಳಿಯಬೇಕಾದರೆ ಅದರ ಮೈಯನ್ನು ನೋಡಿದರೆ ಸಾಲದು, ಕೂಡಿಕೆಯನ್ನು ನೋಡಬೇಕು. ರಾಮಥಾಳ, ಹುನಗುಂದ, ಇಳಕಲ್ಲುಗಳ ಕಡೆಯ ವಿದ್ಯಾರ್ಥಿಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ಇಳಕಲ್ಲ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರನು ಇವೆರಡನ್ನೂ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಒಂದಾಗಿಸುತ್ತಾನೆ. ಸುಮಾರು 24,000 ಹೆಕ್ಟೇರು ಹೊಲಗಳಿಗೆ ಹನಿ ನೀರನ್ನು ಒಯ್ಯಲೆಂದು ಹೂಡಿದ ರಾಮಥಾಳ ಯೋಜನೆಯಂತಹ ಕೊಳವೆಗಳ ಜಾಲದಲ್ಲಿಯೂ ಸೋರಿಕೆಯನ್ನು ಮೊದಲು ಹುಡುಕಬೇಕಾದುದು ಕೊಳವೆಯು ಕೊಳವೆಯನ್ನು ಸೇರುವ ಎಡೆಯಲ್ಲಿಯೇ.

ಇಂದು ಅನೇಕ ಮನೆಗಳನ್ನು ಹೊಕ್ಕಿರುವ ವೀಡಿಯೊ ಗೇಮ್ ಯಂತ್ರಗಳಿಗೂ ಈ ನಿಯಮ ಸಲ್ಲುತ್ತದೆ. ಅವುಗಳಲ್ಲಿ ಎರಡು ಬಗೆಯ ಕೂಡಿಕೆಗಳುಂಟು. ಒಂದು, ಚಿಪ್ಪುಗಳನ್ನು ಹಲಗೆಗೆ ಹಿಡಿದಿಡುವ ಬೆಸುಗೆ. ಇನ್ನೊಂದು, ಯಂತ್ರಕ್ಕೂ ಆಟದ ತಟ್ಟೆಗೂ ನಡುವೆ ಇರುವ ನಂಬಿಕೆಯ ಕೂಡಿಕೆ, ಅರ್ಥಾತ್ ಬೀಗ. ಬೆಸುಗೆ ಬಿಟ್ಟರೆ ಯಂತ್ರ ಕೆಡುತ್ತದೆ. ಬೀಗ ಬಿಟ್ಟರೆ ಕಳ್ಳಪ್ರತಿ ಒಳಹೊಗುತ್ತದೆ. ಇವೆರಡಕ್ಕೂ ಸಂಬಂಧವೇನೆಂದು ವಾಚಕರು ಕೇಳಬಹುದು. ಸಂಬಂಧವಿದೆ. ಯಂತ್ರವು ತಪ್ಪದೆ ನಡೆಯುವುದೆಂಬ ಭರವಸೆಯ ಮೇಲೆಯೇ ಬೀಗವೂ ನಿಂತಿರುತ್ತದೆ. ಆ ಭರವಸೆ ಕದಲಿದಾಗ ಏನೇನಾಯಿತೆಂಬುದನ್ನು ನಾಲ್ಕು ದಶಕಗಳ ಇತಿಹಾಸದಿಂದ ಪರಿಶೀಲಿಸೋಣ.

ಮೊದಲ ಬೀಗ

ಜಪಾನಿನ ನಿಂಟೆಂಡೊ ಸಂಸ್ಥೆಯು 1983ರಲ್ಲಿ ಹೊರತಂದ ಫ್ಯಾಮಿಕಾಮ್ ಎಂಬ ಯಂತ್ರಕ್ಕೆ ಬೀಗವೇ ಇರಲಿಲ್ಲ. ಆಟವನ್ನು ಅಡಗಿಸಿಕೊಂಡ ಡಬ್ಬಿಯನ್ನು, ಎಂದರೆ ಕಾರ್ಟ್ರಿಜ್ಜನ್ನು, ಯಾರು ಮಾಡಿದ್ದರೂ ಅದು ಸ್ವೀಕರಿಸುತ್ತಿತ್ತು. ಇದರಿಂದಾಗಿ ಅದರ ನಕಲುಗಳು ಲೋಕದ ನಾನಾ ಕಡೆ ಹರಡಿದವು. 1990ರ ದಶಕದಲ್ಲಿ ನಮ್ಮ ಊರುಗಳ ಅಂಗಡಿಗಳಲ್ಲಿ ‘ಟಿ.ವಿ. ಗೇಮ್’ ಎಂದು ಮಾರಾಟವಾಗುತ್ತಿದ್ದ ಪೆಟ್ಟಿಗೆಗಳಲ್ಲಿ ಬಹಳಷ್ಟು ಈ ವಂಶದವೇ. ಒಂದೇ ಡಬ್ಬಿಯಲ್ಲಿ ಸಾವಿರಾರು ಆಟಗಳಿವೆಯೆಂದು ಮೇಲೆ ಅಚ್ಚಾಗಿದ್ದರೂ, ಒಳಗೆ ನೋಡಿದರೆ ಕೆಲವೇ ಆಟಗಳು ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು.

1985ರಲ್ಲಿ ಅಮೆರಿಕದ ಮಾರುಕಟ್ಟೆಗೆ ಇಳಿದ ಯಂತ್ರಕ್ಕೆ ನಿಂಟೆಂಡೊ ಒಂದು ಬೀಗವನ್ನು ಜೋಡಿಸಿತು. ಯಂತ್ರದಲ್ಲಿ ಒಂದು ಸಣ್ಣ ಚಿಪ್, ಡಬ್ಬಿಯಲ್ಲಿ ಅದರ ಜೊತೆಗಾರ. ಎರಡೂ ಒಂದೇ ಲೆಕ್ಕವನ್ನು ಒಂದೇ ತಾಳದಲ್ಲಿ ಮಾಡುತ್ತ ಉತ್ತರಗಳನ್ನು ಹೋಲಿಸಿಕೊಳ್ಳುತ್ತವೆ. ಉತ್ತರ ತಪ್ಪಿದರೆ ಕಾವಲು ಚಿಪ್ಪು ಯಂತ್ರವನ್ನು ಮರಳಿ ಮರಳಿ ಮೊದಲಿನಿಂದ ಆರಂಭಿಸುತ್ತದೆ. ಪರದೆ ಮಿಣುಕುತ್ತದೆ, ಆಟ ಮೊದಲಾಗುವುದೇ ಇಲ್ಲ.

ಆದರೆ ಡಬ್ಬಿಯನ್ನು ಹಿಡಿಯುವ ಲೋಹದ ಹಲ್ಲುಗಳು ದಿನ ಕಳೆದಂತೆ ಸಡಿಲಗೊಂಡವು, ಕೊಳೆಯಾದವು. ಸಂಪರ್ಕ ತಪ್ಪಿದಾಗ ಎರಡು ಚಿಪ್ಪುಗಳ ಸಂಭಾಷಣೆಯೂ ತಪ್ಪಿತು. ನ್ಯಾಯವಾಗಿ ಹಣ ತೆತ್ತು ಕೊಂಡ ಆಟವನ್ನೂ ಯಂತ್ರವು ಕಳ್ಳಮಾಲೆಂದು ತಳ್ಳಿತು! ಕಾವಲು ಚಿಪ್ಪಿನ 4ನೆಯ ಕಾಲನ್ನು ಕತ್ತರಿಸಿದರೆ ಅದು ಸುಮ್ಮನಾಗುವುದೆಂದು ರಿಪೇರಿಗಾರರು ಕಂಡುಕೊಂಡರು. ಈ ಒಂದು ಕೆಲಸದಲ್ಲಿ ರಿಪೇರಿಯೂ ಇದೆ, ಬೀಗ ಒಡೆಯುವುದೂ ಇದೆ. ಎರಡನ್ನೂ ಬೇರ್ಪಡಿಸುವ ಕಷ್ಟ ಅಂದೇ ಮೊದಲಾಯಿತು.

ಅಲುಗುವ ಸುರುಳಿ

1994ರ ಕೊನೆಯಲ್ಲಿ ಜಪಾನಿನಲ್ಲಿ ಹೊರಬಂದ ಸೋನಿ ಸಂಸ್ಥೆಯ ಪ್ಲೇಸ್ಟೇಷನ್ ಯಂತ್ರವು ಡಬ್ಬಿಯನ್ನು ಬಿಟ್ಟು ಸಿ.ಡಿ. ತಟ್ಟೆಯನ್ನು ಬಳಸಿತು. ತಟ್ಟೆಯ ಮಾಹಿತಿಯನ್ನು ನಕಲು ಮಾಡುವುದು ಸುಲಭ. ಆದುದರಿಂದ ಬೀಗವನ್ನು ಮಾಹಿತಿಯಲ್ಲಿಡದೆ ತಟ್ಟೆಯ ಆಕಾರದಲ್ಲಿಯೇ ಇಟ್ಟರು. ತಟ್ಟೆಯ ಒಳ ಅಂಚಿನ ಬಳಿ ಸುರುಳಿಯ ಹಾದಿ ಬೇಕೆಂದೇ ಅತ್ತಿತ್ತ ಅತಿ ಸೂಕ್ಷ್ಮವಾಗಿ ಅಲುಗುತ್ತದೆ. ಲೇಸರ್ ಕಿರಣವು ಆ ಅಲುಗಾಟವನ್ನು ಅನುಸರಿಸುವಾಗ ನಾಲ್ಕು ಅಕ್ಷರಗಳ ಒಂದು ಸಂಕೇತ ದೊರೆಯುತ್ತದೆ. ಮನೆಯಲ್ಲಿ ಸಿ.ಡಿ. ಬರೆಯುವ ಉಪಕರಣವು ಖಾಲಿ ತಟ್ಟೆಯಲ್ಲಿ ಮೊದಲೇ ಕೊರೆದಿರುವ ಹಾದಿಯಲ್ಲಿಯೇ ನಡೆಯಬೇಕಾದುದರಿಂದ ಈ ಅಲುಗಾಟವನ್ನು ಬರೆಯಲಾರದು.

ಇದಕ್ಕೆ ಎದುರಾಗಿ ಬಂದುದೇ ‘ಮಾಡ್‌ಚಿಪ್’. ಕೆಲವೇ ತಂತಿಗಳಿಂದ ಹಲಗೆಗೆ ಬೆಸೆಯುವ ಈ ಪುಟ್ಟ ಚಿಪ್ಪು ಅದೇ ನಾಲ್ಕು ಅಕ್ಷರಗಳನ್ನು ತಾನೇ ಉಚ್ಚರಿಸುತ್ತದೆ. ತಟ್ಟೆಯಿಂದಲೇ ಅವು ಬಂದವೆಂದು ಯಂತ್ರ ನಂಬುತ್ತದೆ. ಇದರಿಂದ ಬೇರೆ ದೇಶದ ಅಸಲಿ ತಟ್ಟೆಯೂ ನಡೆಯಿತು, ನಕಲಿ ತಟ್ಟೆಯೂ ನಡೆಯಿತು.

ಬಾಳಿಕೆಯ ತೊಂದರೆ ಇಲ್ಲಿಯೂ ತಪ್ಪಲಿಲ್ಲ. ಮೊದಮೊದಲ ಯಂತ್ರಗಳಲ್ಲಿ ಮಸೂರವು ಸರಿದಾಡುವ ಭಾಗ ಪ್ಲಾಸ್ಟಿಕ್ಕಿನದು. ವಿದ್ಯುತ್ತನ್ನು ಒದಗಿಸುವ, ಸದಾ ಕಾಯುವ ಭಾಗ ಅದರ ಪಕ್ಕದಲ್ಲಿಯೇ ಇತ್ತು. ಪ್ಲಾಸ್ಟಿಕ್ಕು ಸವೆದು ಮಸೂರ ವಾಲಿದಾಗ ಚಿತ್ರ ತಡೆತಡೆದು ನಿಲ್ಲುತ್ತಿತ್ತು. ಯಂತ್ರವನ್ನು ತಲೆಕೆಳಗಾಗಿಟ್ಟು ಆಡಿದವರೂ ಉಂಟು. ಮುಂದಿನ ಮಾದರಿಗಳಲ್ಲಿ ಮಸೂರವನ್ನು ಶಾಖದಿಂದ ದೂರಕ್ಕೆ ಸರಿಸಲಾಯಿತು.

ಶಾಖದ ಕೆಲಸ

ಶಾಖವು ಬೆಸುಗೆಯನ್ನು ಹೇಗೆ ಕೆಡಿಸುತ್ತದೆ? ಪ್ರೌಢಶಾಲೆಯ ಗಣಿತವೇ ಇದಕ್ಕೆ ಸಾಕು. ಒಂದು ಡಿಗ್ರಿ ಉಷ್ಣತೆ ಏರಿದರೆ ಸಿಲಿಕಾನ್ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 3 ಭಾಗ ಹಿಗ್ಗುತ್ತದೆ. ಅದನ್ನು ಹೊತ್ತ ರಾಳದ ಹಲಗೆ ಸುಮಾರು 15 ಭಾಗ ಹಿಗ್ಗುತ್ತದೆ. ಚಿಪ್ಪಿನ ಅಗಲ 15 ಮಿಲಿಮೀಟರ್, ಉಷ್ಣತೆಯ ಏರಿಕೆ 60 ಡಿಗ್ರಿ ಎಂದು ಭಾವಿಸೋಣ. ಸಿಲಿಕಾನ್ ಹಿಗ್ಗುವುದು 2.7 ಮೈಕ್ರಾನ್, ಹಲಗೆ ಹಿಗ್ಗುವುದು 13.5 ಮೈಕ್ರಾನ್. ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್. ಈ 10.8 ಮೈಕ್ರಾನುಗಳ ಜಗ್ಗಾಟವನ್ನು ನಡುವಿನ ಬೆಸುಗೆಯ ಗುಂಡುಗಳು ತಡೆದುಕೊಳ್ಳಬೇಕು. ಒಂದು ಸಲವಾದರೆ ಚಿಂತೆಯಿಲ್ಲ. ಯಂತ್ರವನ್ನು ಹಚ್ಚಿದಾಗಲೆಲ್ಲ ಜಗ್ಗಿ, ಆರಿಸಿದಾಗಲೆಲ್ಲ ಸಡಿಲಿಸಿದರೆ, ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸಿ ಮುರಿಯುವಂತೆ, ಬೆಸುಗೆಯೂ ಬಿರಿಯುತ್ತದೆ.

ಮೈಕ್ರೋಸಾಫ್ಟ್ ಸಂಸ್ಥೆಯು 2005ರ ನವೆಂಬರಿನಲ್ಲಿ ಹೊರತಂದ ಎಕ್ಸ್‌ಬಾಕ್ಸ್ 360 ಯಂತ್ರಕ್ಕೆ ಒದಗಿದ ಗತಿ ಇದೇ. ಮುಂಭಾಗದಲ್ಲಿ ಮೂರು ಕೆಂಪು ದೀಪಗಳು ಮಿನುಗಿದರೆ ಯಂತ್ರ ಸತ್ತಂತೆಯೇ ಸರಿ. 2007ರ ಜುಲೈಯಲ್ಲಿ ಸಂಸ್ಥೆಯು ಈ ದೋಷಕ್ಕೆ ಮೂರು ವರ್ಷಗಳ ಖಾತರಿ ನೀಡಿ, ಅದಕ್ಕಾಗಿ ನೂರು ಕೋಟಿ ಡಾಲರಿಗೂ ಮಿಕ್ಕ ಹಣವನ್ನು ತೆಗೆದಿರಿಸಬೇಕಾಯಿತು. ಹಚ್ಚಿ ಆರಿಸುವಾಗಿನ ಉಷ್ಣತೆಯ ಏರಿಳಿತದಿಂದ ಬಿಡಿಭಾಗದ ಒಳಗಿನ ಕೂಡಿಕೆಗಳೇ ಮುರಿದವೆಂದು ಸಂಸ್ಥೆಯ ತಂತ್ರಜ್ಞರು 2021ರ ಸಾಕ್ಷ್ಯಚಿತ್ರವೊಂದರಲ್ಲಿ ವಿವರಿಸಿದರು. ಬಿಸಿಗಾಳಿಯನ್ನು ಊದಿ ಬೆಸುಗೆಯನ್ನು ಮೆತ್ತಗಾಗಿಸುವ ನಾಡಮದ್ದು ಕೆಲವು ವಾರ ಯಂತ್ರವನ್ನು ಎಬ್ಬಿಸಬಹುದು. ಆದರೆ ಒಳಗಿನ ಬಿರುಕಿಗೆ ಅದು ನಿಜವಾದ ಪರಿಹಾರವಲ್ಲ.

ನಮ್ಮ ಸೀಮೆಯವರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಗಾಳಿಯಿಂದ ತಂಪಾಗುವ ಯಂತ್ರವು ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ಕೋಣೆ 25 ಡಿಗ್ರಿಯಿಂದ 40 ಡಿಗ್ರಿಗೆ ಏರಿದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬಾಗಲಕೋಟೆಯ ಬೇಸಗೆ, ಕರಿಮಣ್ಣಿನ ಧೂಳು, ಗೂಡಿನೊಳಗೆ ಇಕ್ಕಟ್ಟಾಗಿಟ್ಟ ಯಂತ್ರ: ಈ ಮೂರೂ ಸೇರಿದರೆ ಬೆಸುಗೆಯ ಆಯುಷ್ಯ ತಗ್ಗುತ್ತದೆ.

ಕೋಟಿಯಲ್ಲೊಂದು ಭಾಗದ ತಪ್ಪು

ಎಕ್ಸ್‌ಬಾಕ್ಸ್ 360ರ ಬೀಗ ಮಾತ್ರ ಬಹು ಬಿಗಿಯಾದುದು. ಅಮೆರಿಕದ ಎಂ.ಐ.ಟಿ.ಯಲ್ಲಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಹುವಾಂಗ್ 2002ರಲ್ಲಿ ಹಿಂದಿನ ಎಕ್ಸ್‌ಬಾಕ್ಸ್ ಯಂತ್ರದ ಗುಪ್ತ ಕೀಲಿಯನ್ನು ಚಿಪ್ಪುಗಳ ನಡುವಿನ ತಂತಿಗಳ ಮೇಲೆ ಹರಿಯುತ್ತಿರುವಾಗಲೇ ಓದಿದ್ದರು. ಆದುದರಿಂದ ಹೊಸ ಯಂತ್ರದಲ್ಲಿ ಕೀಲಿಯನ್ನು ಮುಖ್ಯ ಚಿಪ್ಪಿನ ಒಳಗೇ ಹುದುಗಿಸಿದರು. ಪ್ರಾರಂಭದಲ್ಲಿ ಒಂದು ಕ್ರಮವಿಧಿಯು ಮುಂದಿನದರ ಸಾರಸಂಖ್ಯೆಯನ್ನು ಲೆಕ್ಕಮಾಡಿ, ಇರಬೇಕಾದ ಸಂಖ್ಯೆಯೊಡನೆ ಹೋಲಿಸುತ್ತದೆ. ‘ವ್ಯತ್ಯಾಸವಿಲ್ಲ’ ಎಂಬ ಉತ್ತರ ಬಂದರೆ ಮಾತ್ರ ಮುಂದಿನ ಬಾಗಿಲು ತೆರೆಯುತ್ತದೆ. ಗಣಿತದಿಂದ ಈ ಬೀಗವನ್ನು ಒಡೆಯುವುದು ಅಸಾಧ್ಯವೆಂದೇ ಹೇಳಬೇಕು.

2011ರಲ್ಲಿ ಹವ್ಯಾಸಿಗಳು ಗಣಿತವನ್ನು ಮುಟ್ಟದೆ ಯಂತ್ರವನ್ನು ಮುಟ್ಟಿದರು. ಚಿಪ್ಪಿನ ವೇಗವನ್ನು ತಗ್ಗಿಸಿ, ಹೋಲಿಕೆಯ ಕ್ಷಣದಲ್ಲಿ ಮರುಪ್ರಾರಂಭದ ತಂತಿಗೆ ಸುಮಾರು 100 ನ್ಯಾನೊಸೆಕೆಂಡುಗಳ, ಎಂದರೆ ಸೆಕೆಂಡಿನ ಕೋಟಿಯಲ್ಲೊಂದು ಭಾಗದಷ್ಟು ಕಾಲದ, ಒಂದು ಮಿಡಿತವನ್ನು ಕೊಟ್ಟರು. ಅಷ್ಟು ಅಲ್ಪವಾದ ಮಿಡಿತಕ್ಕೆ ಯಂತ್ರ ಪೂರ್ತಿಯಾಗಿ ಮರುಪ್ರಾರಂಭವಾಗುವುದಿಲ್ಲ. ನಡೆಯುತ್ತಿರುವ ಲೆಕ್ಕ ಮಾತ್ರ ಕೆಡುತ್ತದೆ. ಕೆಟ್ಟ ಲೆಕ್ಕದಿಂದ ‘ವ್ಯತ್ಯಾಸವಿಲ್ಲ’ ಎಂಬ ಉತ್ತರವೇ ಹೊರಬರುತ್ತದೆ. ಪ್ರತಿ ಸಲವೂ ಫಲಿಸದಿದ್ದರೂ, ಫಲಿಸುವವರೆಗೆ ಪ್ರಯತ್ನಿಸುವ ಒಂದು ಚಿಪ್ಪನ್ನು ಅವರು ಜೋಡಿಸಿದರು. ಶಾಖವು ತಿಂಗಳುಗಟ್ಟಲೆ ದುಡಿದು ಯಂತ್ರದ ಭರವಸೆಯನ್ನು ಮುರಿದರೆ, ಇವರು ಅದನ್ನು ಒಂದು ಕ್ಷಣಾಂಶದ ಮಟ್ಟಿಗೆ ಮುರಿದರು.

ಯಾವುದು ಕಳವು? ಯಾವುದು ರಿಪೇರಿ?

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ 65ಎ ಎಂಬ ಪ್ರಕರಣವನ್ನು ಸೇರಿಸಲಾಯಿತು. ಕೃತಿಯ ರಕ್ಷಣೆಗೆ ಹಾಕಿದ ತಾಂತ್ರಿಕ ಬೀಗವನ್ನು ಹಕ್ಕುಗಳ ಉಲ್ಲಂಘನೆಯ ಉದ್ದೇಶದಿಂದ ಮುರಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಹಾಗೂ ದಂಡವನ್ನು ಅದು ವಿಧಿಸುತ್ತದೆ. ‘ಉದ್ದೇಶ’ ಎಂಬ ಪದವನ್ನು ವಿದ್ಯಾರ್ಥಿಗಳು ಗುರುತಿಸಬೇಕು. ಸಂಕೇತಶಾಸ್ತ್ರದ ಸಂಶೋಧನೆಗೂ ಭದ್ರತೆಯ ಪರೀಕ್ಷೆಗೂ ಅದೇ ಪ್ರಕರಣದಲ್ಲಿ ವಿನಾಯಿತಿಗಳಿವೆ. ತನ್ನಲ್ಲಿ ನ್ಯಾಯವಾಗಿ ಇರುವ ಕ್ರಮವಿಧಿ ಕೆಟ್ಟುಹೋಗದಂತೆ ರಕ್ಷಣೆಗಾಗಿ ಪ್ರತಿ ಮಾಡಿಕೊಳ್ಳಲು 52ನೆಯ ಪ್ರಕರಣ ಅವಕಾಶ ಕೊಡುತ್ತದೆ. ಕಳ್ಳಪ್ರತಿಯೆಂದು ತಿಳಿದೂ ಬಳಸುವವರಿಗೆ 63ಬಿ ಪ್ರಕರಣ ಶಿಕ್ಷೆ ಹೇಳುತ್ತದೆ.

ಕಳ್ಳಪ್ರತಿಯಿಂದ ನಷ್ಟಪಡುವವರು ಎಲ್ಲೋ ದೂರದ ಧನಿಕರು ಮಾತ್ರವೆಂಬ ಭಾವನೆ ಸರಿಯಲ್ಲ. 1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಭಾರತದ ಮೊತ್ತಮೊದಲ ಆಟ ತಯಾರಿಕೆಯ ಸಂಸ್ಥೆಗಳಲ್ಲೊಂದು. ಹೊರದೇಶಗಳ ಹೆಸರಾಂತ ಆಟಗಳಿಗೆ ಬೇಕಾದ ಚಿತ್ರಕೆಲಸವನ್ನು ಅಲ್ಲಿಯ ಕಲಾವಿದರು ಮಾಡಿಕೊಟ್ಟರು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಸಂಸ್ಥೆ ಕೊಂಡಿತು. ಪರದೆಯ ಮೇಲೆ ಓಡುವ ಕಾರಿನ ಹಿಂದೆ ಕನ್ನಡ ನಾಡಿನ ಯುವಕರ ದುಡಿಮೆಯೂ ಇದ್ದೀತು.

ಇದರ ಇನ್ನೊಂದು ಮುಖವನ್ನೂ ಮರೆಯಬಾರದು. 2010ಕ್ಕೆ ಮೊದಲು ಅಮೆರಿಕದಲ್ಲಿ ಪ್ರಕಟವಾದ ಆಟಗಳಲ್ಲಿ ನೂರಕ್ಕೆ 87 ಈಗ ಮಾರಾಟದಲ್ಲಿಲ್ಲವೆಂದು ಅಲ್ಲಿಯ ವೀಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ತಿಳಿಸಿತು. ಎಕ್ಸ್‌ಬಾಕ್ಸ್ 360ರ ಅಂತರ್ಜಾಲ ಅಂಗಡಿ 2024ರ ಜುಲೈಯಲ್ಲಿ ಮುಚ್ಚಿತು. ಅಂಗಡಿ ಮುಚ್ಚಿ, ಬೆಸುಗೆ ಬಿರಿದು, ಬೀಗ ಮಾತ್ರ ಉಳಿದರೆ ಆ ಕೃತಿ ಯಾರ ಪಾಲಿಗೂ ಇಲ್ಲದಂತಾಗುವುದು. ಹಳೆಯ ಯಂತ್ರಗಳನ್ನು ಬಿಚ್ಚಿ ಅರಿಯುವವರ ವಿದ್ಯೆ ಆಗ ಗ್ರಂಥಾಲಯದ ಕೆಲಸಕ್ಕೆ ಸಮನಾಗುತ್ತದೆ.

ಆಸಕ್ತರು ಏನು ಮಾಡಬಹುದು? ಕೆಟ್ಟು ಮೂಲೆ ಸೇರಿದ ಯಂತ್ರವೊಂದಿದ್ದರೆ, ತಿಳಿದವರ ಜೊತೆಯಲ್ಲಿ ಕುಳಿತು, ವಿದ್ಯುತ್ ಸಂಪರ್ಕವನ್ನು ಪೂರ್ತಿಯಾಗಿ ಕಳಚಿ, ಅದನ್ನು ಬಿಚ್ಚಿ ನೋಡಿರಿ. ವಿದ್ಯುತ್ ಒದಗಿಸುವ ಭಾಗದಲ್ಲಿ ಸಂಪರ್ಕ ತೆಗೆದ ಮೇಲೂ ಅಪಾಯಕರವಾದ ವಿದ್ಯುದಾವೇಶ ಉಳಿದಿರಬಹುದು, ಅದನ್ನು ಮುಟ್ಟಬೇಡಿರಿ. ಧೂಳು ಕಟ್ಟಿದ ಪಂಖ, ಒಣಗಿದ ಶಾಖವಾಹಕ ಲೇಪ, ಕೊಳೆಯಾದ ಸಂಪರ್ಕದ ಹಲ್ಲುಗಳು: ದೋಷವನ್ನು ಮೊದಲು ಇಲ್ಲಿ ಹುಡುಕಿರಿ. ಬೇಕಾದ ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ದೊರೆಯುತ್ತವೆ. ನಿಮ್ಮ ಕೈಯಿಂದ ಒಂದು ಯಂತ್ರ ಮತ್ತೆ ಹೊತ್ತಿಕೊಂಡರೆ, ಉಷ್ಣದ ಹಿಗ್ಗುವಿಕೆಯ ಪಾಠವನ್ನು ನೀವು ಮರೆಯಲಾರಿರಿ.