ಮೂಳೆ ಕೂಡಿತು, ಋಣ ಉಳಿಯಿತು

"ಹೇಗಿದ್ದೀರಿ?" ಎಂದು ಯಾರಾದರೂ ಕೇಳಿದರೆ "ಅಲ್‌ಹಮ್ದುಲಿಲ್ಲಾಹ್" ಎನ್ನುವುದು ನಮಗೆಲ್ಲ ಬಾಯಿಪಾಠ. ಮದ್ರಸಕ್ಕೆ ಹೊಸದಾಗಿ ಸೇರಿದ ಮಕ್ಕಳಿಗೂ ಅದನ್ನೇ ಕಲಿಸುತ್ತೇವೆ. ಆದರೆ ಆ ಮಾತಿನ ತೂಕ ತಿಳಿಯುವುದು ಒಂದು ನಿಅ್‌ಮತ್ ಕೈತಪ್ಪಿದಾಗಲೇ. ಕಳೆದ ಮಳೆಗಾಲದಲ್ಲಿ ಸೈಕಲ್‌ನಿಂದ ಬಿದ್ದ ಮೇಲೆ ನಮಗೆ ಅದರ ಅನುಭವ ಆಯಿತು.

ಬೆಳಗ್ಗಿನ ಮದ್ರಸ ಮುಗಿಸಿ ಮನೆಗೆ ಬರುತ್ತಿದ್ದೆವು. ಜಡಿಮಳೆ ಆಗಷ್ಟೇ ನಿಂತಿತ್ತು. ಹಿಂದಿನಿಂದ ಬಂದ ಬಸ್ಸೊಂದು ಮೈಗೆ ತಾಗುವಷ್ಟು ಹತ್ತಿರದಲ್ಲಿ ಓವರ್‌ಟೇಕ್ ಮಾಡಿತು. ಡಾಮರಿನ ಅಂಚು ಮಳೆಗೆ ಕೊರೆದುಹೋಗಿ, ಬದಿಯ ಮಣ್ಣು ಒಂದು ಗೇಣು ಕೆಳಗಿತ್ತು. ಮುಂದಿನ ಚಕ್ರ ಅಲ್ಲಿಗೆ ಜಾರಿತು. ಬೀಳುವಾಗ ನೆಲಕ್ಕೆ ಊರಿದ್ದು ಬಲಗೈ.

ಬಸ್ಸು ನಿಲ್ಲಲಿಲ್ಲ. ಎದುರಿನಿಂದ ಬಂದ ರಿಕ್ಷಾ ನಿಂತಿತು. ಚಾಲಕರು ನಮ್ಮ ಪರಿಚಯದವರಲ್ಲ, ನಮ್ಮ ಸಮುದಾಯದವರೂ ಅಲ್ಲ. "ಕೂಡ್ಲೇ ಏಳ್ಬೇಡಿ ಉಸ್ತಾದ್ರೆ, ತಲೆ ತಿರುಗ್ತದಾ ನೋಡಿ" ಎಂದರು. ತಮ್ಮ ಹೆಗಲ ಬೈರಾಸಿನಲ್ಲೇ ನಮ್ಮ ಕೈಯನ್ನು ಕುತ್ತಿಗೆಗೆ ತೂಗುಹಾಕಿ ಆಸ್ಪತ್ರೆಗೆ ಕರೆದೊಯ್ದರು. ಬಾಡಿಗೆ ಕೊಡಲು ಹೋದರೆ "ಎಂತ ಬಾಡಿಗೆ ಮಾರಾಯ್ರೆ, ಮೊದ್ಲು ಕೈ ಸರಿ ಆಗ್ಲಿ" ಎಂದು ಹೋಗಿಯೇ ಬಿಟ್ಟರು.

ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಬಳಿ ಮೂಳೆ ಮುರಿದದ್ದು ಕಂಡಿತು. ಸೈಕಲ್‌ನಿಂದ ಬಿದ್ದವರಲ್ಲಿ ಇದು ಸಾಮಾನ್ಯವಂತೆ. ಬೀಳುವಾಗ ಕೈ ತಾನಾಗಿಯೇ ಮುಂದೆ ಚಾಚಿ ಮೈಭಾರ ಹೊರುತ್ತದೆ. ಮುಖಕ್ಕೂ ತಲೆಗೂ ಆಗಬೇಕಾದ ಪೆಟ್ಟನ್ನು ಕೈ ತಾನು ತಿನ್ನುತ್ತದೆ. ಆರು ವಾರ ಪ್ಲಾಸ್ಟರ್ ಹಾಕಿದರು.

ಒಂದು ಕೈಯಲ್ಲಿ 27 ಮೂಳೆಗಳಿವೆ, ಅವುಗಳಲ್ಲಿ ಎಂಟು ಮಣಿಕಟ್ಟಿನಲ್ಲೇ ಇವೆ. ಅಂಗಿಯ ಗುಂಡಿ ಹಾಕುವಾಗ, ಅನ್ನ ಕಲಸುವಾಗ, ಬೋರ್ಡಿನಲ್ಲಿ 'ಅಲಿಫ್' ಬರೆಯುವಾಗ ಇವೆಲ್ಲ ಹೇಳದೆ ಕೇಳದೆ ದುಡಿಯುತ್ತವೆ. ಆರು ವಾರ ಆ ಕೆಲಸವನ್ನು ಬೇರೆಯವರ ಕೈಗಳು ಮಾಡಿದವು. ಮನೆಯಾಕೆ ಗುಂಡಿ ಹಾಕಿದರು, ಮಗ ವುಝೂವಿಗೆ ನೀರು ಹೊಯ್ದ, ಮದ್ರಸದ ದೊಡ್ಡ ಮಕ್ಕಳು ಸರದಿಯಲ್ಲಿ ಬೋರ್ಡ್ ಬರೆದರು. ಜಮಾಅತಿನವರು ದಿನಾ ಬಂದು ವಿಚಾರಿಸಿದರು. ನೆರೆಮನೆಯ ಅಕ್ಕ ಪತ್ರೊಡೆ ಮಾಡಿ ಕಳುಹಿಸಿದರು.

ಗಾಯಗೊಂಡವನಿಗೆ ದೀನ್ ಕೂಡಾ ದಾರಿ ಸುಗಮ ಮಾಡಿಕೊಟ್ಟಿದೆ. ಪ್ಲಾಸ್ಟರಿನ ಮೇಲೆ ಒದ್ದೆ ಕೈ ಸವರಿ, ಜೊತೆಗೆ ತಯಮ್ಮುಮ್ ಮಾಡುವುದು ನಮ್ಮ ಶಾಫಿಈ ಮದ್‌ಹಬಿನ ಕ್ರಮ. ಪ್ರವಾದಿಯವರೂ(ಸ) ಒಮ್ಮೆ ಕುದುರೆಯಿಂದ ಬಿದ್ದು ಮೈ ತರಚಿಕೊಂಡಿದ್ದರು. ಆಗ ಕುಳಿತೇ ನಮಾಝ್ ನಿರ್ವಹಿಸಿದರೆಂದು ಹದೀಸ್‌ನಲ್ಲಿದೆ. ಹಾಸಿಗೆ ಹಿಡಿದವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಯಾವುದುಂಟು?

ಪ್ಲಾಸ್ಟರ್ ತೆಗೆದ ದಿನ ಕೈ ಬಡಕಲಾಗಿ, ಮರದ ತುಂಡಿನಂತೆ ಬಿಗಿದಿತ್ತು. ಸ್ಪಂಜಿನ ಚೆಂಡು ಹಿಸುಕುತ್ತಾ, ಬಿಸಿನೀರಲ್ಲಿ ಮಣಿಕಟ್ಟು ತಿರುಗಿಸುತ್ತಾ ಅದನ್ನು ಪಳಗಿಸಬೇಕಾಯಿತು. ಅಂಗೈ ಮೊದಲ ಬಾರಿ ಪೂರ್ತಿಯಾಗಿ ನೆಲಕ್ಕೆ ತಾಗಿದ್ದು ಸುಜೂದಿನಲ್ಲಿ. ಆಗ ಕಣ್ಣು ತುಂಬಿ ಬಂತು.

ಆದರೆ ಶುಕ್ರ್ ಅಲ್ಲಿಗೇ ಮುಗಿಯುವುದಿಲ್ಲ. ಜನರಿಗೆ ಕೃತಜ್ಞತೆ ತೋರದವನು ಅಲ್ಲಾಹನಿಗೂ ಕೃತಜ್ಞನಲ್ಲ ಎಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ದೇಹದ ಪ್ರತಿಯೊಂದು ಕೀಲಿಗೂ ದಿನಾ ಒಂದು ಸದಖಾ ಉಂಟು ಎಂದೂ ತಿಳಿಸಿದ್ದಾರೆ. ಒಬ್ಬನನ್ನು ಅವನ ವಾಹನ ಹತ್ತಿಸಲು ನೆರವಾಗುವುದು, ದಾರಿಯಿಂದ ತೊಂದರೆ ಸರಿಸುವುದು ಕೂಡಾ ಆ ಸದಖಾದಲ್ಲಿ ಸೇರಿದೆ. ಆ ರಿಕ್ಷಾದವರು ಮಾಡಿದ್ದೂ ಅದನ್ನೇ ಅಲ್ವಾ?

ನಮ್ಮ ಊರುಗಳಲ್ಲಿ ಯಾರಾದರೂ ರಸ್ತೆಯಲ್ಲಿ ಬಿದ್ದರೆ ಜನ ಸೇರುತ್ತಾರೆ, ಮೊಬೈಲೂ ಹೊರಬರುತ್ತದೆ. ಎತ್ತಲು ಮಾತ್ರ "ಕೇಸಿಗೆ ಎಳೆದಾರು" ಎಂಬ ಹೆದರಿಕೆ. ಈ ಹೆದರಿಕೆ ಬೇಡ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 134ಎ ಎಂಬ ಕಲಂ ಸೇರಿದೆ. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರಿಗೆ ಅದು ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ಹೇಳಲೇಬೇಕೆಂದು ಪೊಲೀಸರು ಒತ್ತಾಯಿಸುವಂತಿಲ್ಲ. ಕುತ್ತಿಗೆ, ಬೆನ್ನಿಗೆ ಪೆಟ್ಟಾದಂತೆ ಕಂಡರೆ ಅಲುಗಾಡಿಸದೆ 108ಕ್ಕೆ ಕರೆ ಮಾಡಿ.

ಸೈಕಲ್‌ನಲ್ಲಿ ಮದ್ರಸಕ್ಕೆ, ಶಾಲೆಗೆ ಹೋಗುವ ಮಕ್ಕಳ ತಾಯ್ತಂದೆಯರಿಗೂ ಒಂದು ಮಾತು. ಮಳೆಗಾಲಕ್ಕೆ ಮೊದಲು ಬ್ರೇಕ್, ಟಯರ್ ನೋಡಿಕೊಳ್ಳಿ. ಸುಬಹ್ ಬಳಿಕದ ಮಬ್ಬು ಬೆಳಕಿಗಾಗಿ ಹಿಂದೆ ಕೆಂಪು ರಿಫ್ಲೆಕ್ಟರ್ ಇರಲಿ. ಒಂಟೆಯನ್ನು ಕಟ್ಟಿ ಮತ್ತೆ ತವಕ್ಕುಲ್ ಮಾಡು ಎಂದದ್ದು ಸೈಕಲ್ಲಿಗೂ ಸಲ್ಲುತ್ತದೆ.

ನಾಳೆ ಬೆಳಗ್ಗೆ ಎದ್ದಾಗ ಐದು ಬೆರಳುಗಳನ್ನು ಒಮ್ಮೆ ಮಡಚಿ ಬಿಡಿಸಿ ನೋಡಿ. ನೋವಿಲ್ಲದಿದ್ದರೆ ಅಲ್‌ಹಮ್ದುಲಿಲ್ಲಾಹ್ ಹೇಳಿ. ದಾರಿಯಲ್ಲಿ ಯಾರಾದರೂ ಬಿದ್ದಿರುವುದು ಕಂಡರೆ ಅದೇ ಕೈಯನ್ನು ಚಾಚಿ. ಅವರು ಯಾರ ಮನೆಯವರೇ ಆಗಿರಲಿ. ಅಲ್ಲಾಹನು ನಮಗೆಲ್ಲ ಅದಕ್ಕೆ ತೌಫೀಕ್ ಕೊಡಲಿ, ಆಮೀನ್.